ಎಂಪ್ಲಾಯಿಯಿಂದ ಕನ್ಸಲ್ಟೆಂಟ್ ಮಾಡಿದಾಗ ನಾನು ಹಾಕಿದ ಲೆಕ್ಕ

2021ರಲ್ಲಿ, ಸ್ಟ್ರಕ್ಚರಲ್ ಡಿಸೈನ್ ಮಾಡೋ ಒಂದು ಸಣ್ಣ ಕಂಪನಿಗೆ ಸೇರಿ ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು, ನನ್ನ ಮೊದಲ ಕೆಲಸ ಅದು, ಎಚ್‌ಆರ್ ಮೇಡಂ ಕರೆದು "ಮುಂದಿನ ತಿಂಗಳಿಂದ ನಿಮ್ಮನ್ನ ಕನ್ಸಲ್ಟೆಂಟ್ ಮಾಡ್ತಿದೀವಿ, ಕೆಲಸ ಅದೇ, ದುಡ್ಡೂ ಅದೇ, ಪಿಎಫ್ ಕಟ್ ಆಗಲ್ಲ, ಕೈಗೆ ಜಾಸ್ತಿನೇ ಬರುತ್ತೆ" ಅಂದ್ರು. ಖುಷಿನೇ ಆಯ್ತು ನಂಗೆ. ಆದ್ರೂ ಓದಿ ಸೈನ್ ಮಾಡ್ತೀನಿ ಅಂತ ಎರಡು ದಿನ ಟೈಮ್ ಕೇಳ್ದೆ.

ಅವತ್ತು ರಾತ್ರಿ ಪೇಸ್ಲಿಪ್ ಮುಂದಿಟ್ಕೊಂಡು ಕೂತೆ. ಸಿಟಿಸಿ, ಅಂದ್ರೆ ಕಂಪನಿ ನನ್ನ ಮೇಲೆ ಮಾಡೋ ಒಟ್ಟು ಖರ್ಚು, ತಿಂಗಳಿಗೆ 30,000. ಕಂಪನಿ ಪಾಲಿನ ಪಿಎಫ್ 1,800, ನನ್ನ ಪಾಲು 1,800, ಪ್ರೊಫೆಷನಲ್ ಟ್ಯಾಕ್ಸ್ 200, ಇಷ್ಟು ಹೋಗಿ ಕೈಗೆ 26,200 ಬರ್ತಿತ್ತು. ಕನ್ಸಲ್ಟೆಂಟ್ ಆದ್ರೆ 30,000ಕ್ಕೆ ಬಿಲ್, ಅದ್ರಲ್ಲಿ ಆದಾಯ ತೆರಿಗೆ ಕಾಯ್ದೆಯ ಆಗಿನ 194ಜೆ ಸೆಕ್ಷನ್ ಪ್ರಕಾರ 10% ಟಿಡಿಎಸ್ (ದುಡ್ಡು ಕೊಡೋವಾಗಲೇ ಹಿಡ್ಕೊಳ್ಳೋ ತೆರಿಗೆ) ಹಿಡಿದು 27,000. ಜಾಸ್ತಿ ಅಂದಿದ್ದು 800 ರೂಪಾಯಿ! ಅದಕ್ಕೆ ಬದಲಾಗಿ ಹೋಗ್ತಿದ್ದಿದ್ದು ತಿಂಗಳಿಗೆ 3,600ರ ಪಿಎಫ್ ಉಳಿತಾಯ, ವರ್ಷಕ್ಕೆ 18 ಸಂಬಳದ ರಜೆ (ದಿನಕ್ಕೆ 1,000 ಅಂತ ಹಿಡಿದ್ರೂ 18,000), ಹೆಲ್ತ್ ಇನ್ಶೂರೆನ್ಸ್, ಮತ್ತೆ ಗ್ರಾಚ್ಯುಟಿಗೆ (ಕೆಲಸ ಬಿಡೋವಾಗ ಕಂಪನಿ ಕೊಡೋ ಇಡಿಗಂಟು) ಬೇಕಾದ 5 ವರ್ಷದ ಎಣಿಕೆ ಅಲ್ಲಿಗೇ ನಿಂತುಹೋಗ್ತಿತ್ತು. ಟಿಡಿಎಸ್ ಹಣ ಕಳ್ಕೊಂಡ ಹಾಗಲ್ಲ, ಕಟ್ಟಬೇಕಾದ ತೆರಿಗೆ ಇಲ್ದಿದ್ರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ, ಆದ್ರೆ ಅಲ್ಲಿವರೆಗೂ ತಿಂಗಳು ತಿಂಗಳೂ 3,000 ಇಲ್ದೇ ಮನೆ ನಡೀಬೇಕಲ್ವಾ.

ಅಗ್ರಿಮೆಂಟ್ ಓದಿದಾಗ ಇನ್ನೂ ಬೇಜಾರಾಯ್ತು. 3ನೇ ಷರತ್ತಲ್ಲಿ ನಾನು ಸ್ವತಂತ್ರ ಕನ್ಸಲ್ಟೆಂಟ್ ಅಂತಿದೆ, 7ರಲ್ಲಿ ಬೆಳಿಗ್ಗೆ 9:30ರಿಂದ 6:30 ಬಯೋಮೆಟ್ರಿಕ್ ಪಂಚ್ ಕಡ್ಡಾಯ, 11ರಲ್ಲಿ ಬೇರೆ ಯಾರ ಕೆಲಸನೂ ಮಾಡಂಗಿಲ್ಲ, ಅವರು ಬೇಡ ಅಂದ್ರೆ ಅವತ್ತೇ ಮುಗೀತು, ನಾನು ಬಿಡೋದಾದ್ರೆ ಮಾತ್ರ 60 ದಿನ ನೋಟಿಸ್. ಪರಿಚಯದ ಲಾಯರ್ ಒಬ್ರಿಗೆ ತೋರಿಸ್ದೆ. ಅವರು 1956ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಕೇಸ್ ಬಗ್ಗೆ ಹೇಳಿದ್ರು, ಸೌರಾಷ್ಟ್ರದಲ್ಲಿ ಉಪ್ಪು ತೆಗೆಯೋ ಅಗರಿಯಾಗಳು ಮನೆಯವರನ್ನೆಲ್ಲ ಕರ್ಕೊಂಡು ಬಂದು ಕೆಲಸ ಮಾಡ್ತಿದ್ರಂತೆ, ದಿನಕ್ಕೆ ಇಷ್ಟೇ ಗಂಟೆ ಅಂತ ಇರ್ಲಿಲ್ಲ, ಕಂಪನಿ ಅವರನ್ನ ಕಂಟ್ರಾಕ್ಟರ್ ಅಂತಿತ್ತು, ಸುಪ್ರೀಂ ಕೋರ್ಟ್ ಅವರು ಕೆಲಸಗಾರರೇ ಅಂತು. ಕಾಗದದ ಮೇಲಿನ ಹೆಸರಿಗಿಂತ ಕೆಲಸ ಹೇಗೆ ಮಾಡ್ಬೇಕು ಅಂತ ಹೇಳೋ ಅಧಿಕಾರ ಯಾರ ಕೈಲಿದೆ ಅನ್ನೋದನ್ನ ನೋಡ್ತಾರೆ. ಕೇಸ್ ಹಾಕೋ ಶಕ್ತಿ ನಂಗಿರ್ಲಿಲ್ಲ, ಆದ್ರೆ ಮಾತಾಡೋಕೆ ಧೈರ್ಯ ಬಂತು.

ಮಾರನೇ ದಿನ ಒಂದೇ ಹಾಳೆಯಲ್ಲಿ ಲೆಕ್ಕ ಬರ್ಕೊಂಡು ಹೋದೆ. 36,000 ಕೇಳ್ದೆ, 34,000ಕ್ಕೆ ಒಪ್ಪಿದ್ರು. ನೋಟಿಸ್ ಎರಡೂ ಕಡೆಗೆ 30 ದಿನ ಆಯ್ತು, 11ನೇ ಷರತ್ತು ಹೊಡೆದುಹಾಕಿದ್ರು. ಬಯೋಮೆಟ್ರಿಕ್ ಮಾತ್ರ ಬಿಡ್ಲಿಲ್ಲ. ಅದುವರೆಗಿನ ಕೆಲಸಕ್ಕೆ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಅವತ್ತೇ ಕೇಳಿ ತಗೊಂಡೆ, ಇದನ್ನ ದಯವಿಟ್ಟು ಮರೀಬೇಡಿ, ಆಮೇಲೆ ಕೇಳಿದ್ರೆ ಅಲೆದಾಡಿಸ್ತಾರೆ.

ನಾನು ಯೋಚನೆ ಮಾಡ್ದೇ ಇದ್ದಿದ್ದು ಮೊದಲನೇ ಬಿಲ್ ಬಗ್ಗೆ. ಸಂಬಳ ಅಂದ್ರೆ ತಿಂಗಳ ಕೊನೆಗೆ ಬಂದ್ಬಿಡುತ್ತೆ, ಬಿಲ್ ಹಾಗಲ್ಲ, ಅಕೌಂಟ್ಸ್‌ನಲ್ಲಿ 40 ದಿನ ಕೂತಿತ್ತು, ಬಾಡಿಗೆಗೆ ಫ್ರೆಂಡ್ ಹತ್ರ ಸಾಲ ಮಾಡ್ದೆ. ಎರಡು ತಿಂಗಳ ಖರ್ಚು ಕೈಲಿಟ್ಕೊಂಡೇ ಸೈನ್ ಮಾಡ್ಬೇಕಿತ್ತು.

ವರ್ಷದ ಕೊನೆಗೆ ಸಂಬಳದವರಿಗೆ ಕೊಡ್ತಿದ್ದ ಟಿಡಿಎಸ್ ಸರ್ಟಿಫಿಕೇಟ್ ಫಾರ್ಮ್ 16 ಬದಲು, ಬಿಲ್ ಮೇಲಿನ ಟಿಡಿಎಸ್‌ಗೆ ಕೊಡ್ತಿದ್ದ 16ಎ ಬಂತು. ನನ್ನ ಹೆಸರಲ್ಲಿ ಕಟ್ಟಿದ ತೆರಿಗೆ ತೋರಿಸೋ 26ಎಎಸ್ ಜೊತೆ ತಾಳೆ ನೋಡಿ, ಬಿಲ್ ಮೊತ್ತದ ಅರ್ಧವನ್ನ ಆದಾಯ ಅಂತ ತೋರಿಸೋಕೆ ಬಿಡ್ತಿದ್ದ 44ಎಡಿಎ ಸೆಕ್ಷನ್ ಅಡಿ ಐಟಿಆರ್ 4 ಅನ್ನೋ ರಿಟರ್ನ್ ಫಾರ್ಮ್ ಹಾಕ್ದೆ, ಹಿಡಿದ ಟಿಡಿಎಸ್ ಪೂರ್ತಿ ವಾಪಸ್ ಬಂತು. ಹಳೇ ಪಿಎಫ್‌ಗೆ ಕಂಪನಿ ಎಕ್ಸಿಟ್ ಡೇಟ್ ಹಾಕಿರ್ಲಿಲ್ಲ, ಕೊನೆ ಕಂತು ಬಿದ್ದು ಎರಡು ತಿಂಗಳಾದ್ಮೇಲೆ ಪೋರ್ಟಲ್‌ನಲ್ಲಿ ನಾನೇ ಹಾಕ್ದೆ. ಹಣ ತೆಗೀಲಿಲ್ಲ, ಮುಂದಿನ ಕಂಪನಿಗೆ ಎಂಪ್ಲಾಯಿಯಾಗಿ ಸೇರಿದಾಗ ಅದೇ ಯುಎಎನ್ (ಪಿಎಫ್‌ನ ಖಾಯಂ ನಂಬರ್) ಕೊಟ್ಟು ಟ್ರಾನ್ಸ್‌ಫರ್ ಮಾಡಿಸ್ಕೊಂಡೆ.