ಅಲ್ಲಿ ಈಗ ಎಷ್ಟು ಗಂಟೆ? ಟೈಮ್ ಝೋನ್ ತಿಳಿದು ಕಾಲ್ ನಿಗದಿ ಮಾಡುವ ಬಗೆ

ಲಂಡನ್ನಿಗೂ ನ್ಯೂಯಾರ್ಕಿಗೂ ಐದು ಗಂಟೆ ವ್ಯತ್ಯಾಸ ಎಂದು ಬಾಯಿಪಾಠ ಮಾಡಿಕೊಂಡವರು ವರ್ಷದ ಬಹುಪಾಲು ದಿನ ಬಚಾವಾಗುತ್ತಾರೆ. ಆದರೆ 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ, ಮತ್ತೆ ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಆ ವ್ಯತ್ಯಾಸ ನಾಲ್ಕೇ ಗಂಟೆ. ಯಾವ ತಾರೀಕು ಎಂದು ಕೇಳದೆ ಎರಡು ಊರುಗಳ ವ್ಯತ್ಯಾಸ ಹೇಳಲು ಬರುವುದಿಲ್ಲ. ಕಾಲ್ ತಪ್ಪಿಹೋಗುವುದು ಹೆಚ್ಚಾಗಿ ಇದನ್ನು ಮರೆತಾಗಲೇ.

ಲೆಕ್ಕ ಎರಡೇ ಹೆಜ್ಜೆ

ಒಂದು ಊರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದು ಅದರ ಆಫ್‌ಸೆಟ್. ಸಿಂಗಪುರ +8, ಭಾರತ +5:30, ನೇಪಾಳ +5:45. ನಕಾಶೆ ನೋಡಿ ಊಹಿಸಬೇಡಿ: ಚೀನಾ ಅಷ್ಟಗಲ ಹರಡಿದ್ದರೂ ಅಧಿಕೃತವಾಗಿ ಇಡೀ ದೇಶಕ್ಕೆ +8 ಒಂದೇ.

ನಿಮ್ಮ ಸಮಯದಿಂದ ನಿಮ್ಮ ಆಫ್‌ಸೆಟ್ ಕಳೆದರೆ ಯುಟಿಸಿ ಸಿಗುತ್ತದೆ; ಅದಕ್ಕೆ ಅವರ ಆಫ್‌ಸೆಟ್ ಕೂಡಿಸಿದರೆ ಅವರ ಸಮಯ. ಜುಲೈ ತಿಂಗಳ ಒಂದು ಮಂಗಳವಾರ ಕಠ್ಮಂಡುವಿನಲ್ಲಿ 20:15 ಎಂದುಕೊಳ್ಳಿ. 5:45 ಕಳೆದರೆ ಯುಟಿಸಿ 14:30. ಬೇಸಿಗೆಯ ನ್ಯೂಯಾರ್ಕ್ −4, ಅಲ್ಲಿ ಬೆಳಗ್ಗೆ 10:30. ಸಿಡ್ನಿ +10, ಅಲ್ಲಿ ಮಧ್ಯರಾತ್ರಿ ದಾಟಿ 00:30. ಅಂದರೆ ಆಗಲೇ ಬುಧವಾರ. ಗಂಟೆ ಸರಿಯಾಗಿ ಲೆಕ್ಕ ಹಾಕಿ ವಾರ ತಪ್ಪುವವರೇ ಜಾಸ್ತಿ, ಹಾಗಾಗಿ ಉತ್ತರದ ಜೊತೆ ವಾರವನ್ನೂ ಬರೆದುಕೊಳ್ಳಿ. 24 ಗಂಟೆಯ ಕ್ರಮದಲ್ಲೇ ಬರೆಯಿರಿ.

ಕನ್ನಡದಲ್ಲಿ ಮಾತಾಡುವವರಿಗೆ ಇನ್ನೊಂದು ಎಡವಟ್ಟಿದೆ. 'ಶುಕ್ರವಾರ ರಾತ್ರಿ 1 ಗಂಟೆ' ಎಂದರೆ ನಮ್ಮ ಬಾಯಲ್ಲಿ ಶುಕ್ರವಾರ ಮಲಗುವ ರಾತ್ರಿ. ಕ್ಯಾಲೆಂಡರಿಗೆ ಅದು ಶನಿವಾರ 01:00. 'ಮೀಟಿಂಗ್ ಒಂದು ಗಂಟೆ ಮುಂದಕ್ಕೆ' ಎಂಬುದೂ ಅಷ್ಟೇ, ಕೆಲವರಿಗೆ ತಡವಾಗಿ, ಕೆಲವರಿಗೆ ಬೇಗ. ಹೊಸ ಸಮಯವನ್ನೇ ಹೇಳಿಬಿಡಿ.

ಗಡಿಯಾರ ತಿರುಗಿಸುವ ದೇಶಗಳು

ಡೇಲೈಟ್ ಸೇವಿಂಗ್ ಇರುವಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಅಮೆರಿಕದಲ್ಲಿ ಇದು ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಯುರೋಪಿಯನ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ಮೇಲೆ ಹೇಳಿದ ನಾಲ್ಕು ಗಂಟೆಯ ವಾರಗಳು ಹುಟ್ಟುವುದು ಈ ನಡುವಿನ ಸಂದಿನಲ್ಲೇ.

ದಕ್ಷಿಣ ಗೋಳಾರ್ಧದಲ್ಲಿ ಋತು ತಿರುಗುಮುರುಗು. ಸಿಡ್ನಿಯ ಬೇಸಿಗೆ ಸಮಯ ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ. ಹಾಗಾಗಿ ಲಂಡನ್‌–ಸಿಡ್ನಿ ವ್ಯತ್ಯಾಸ ಜುಲೈನಲ್ಲಿ 9, ಜನವರಿಯಲ್ಲಿ 11, ಸಂಧಿಕಾಲದಲ್ಲಿ ಕೆಲ ವಾರ 10 ಗಂಟೆ. ಅದೇ ಆಸ್ಟ್ರೇಲಿಯಾದ ಬ್ರಿಸ್ಬೇನ್ ಗಡಿಯಾರ ಮುಟ್ಟುವುದೇ ಇಲ್ಲ. ಅಮೆರಿಕದ ಅರಿಜೋನಾದ ಬಹುಭಾಗವೂ ಹಾಗೆಯೇ.

ನಿಯಮಗಳೂ ಬದಲಾಗುತ್ತವೆ: ಬ್ರೆಜಿಲ್ 2019ರಲ್ಲಿ, ಮೆಕ್ಸಿಕೋದ ಬಹುಭಾಗ 2022ರಲ್ಲಿ ಈ ಪದ್ಧತಿ ಬಿಟ್ಟವು. ಅಪ್‌ಡೇಟ್ ಮಾಡದ ಹಳೆಯ ಫೋನಿನಲ್ಲಿ ಹಳೆಯ ನಿಯಮವೇ ಉಳಿದು ಸಮಯ ತಪ್ಪು ತೋರಿಸಬಹುದು.

ಊರಿನ ಹೆಸರು ಆರಿಸಿ, ಮೂರಕ್ಷರ ಬೇಡ

ಸಿಎಸ್‌ಟಿ ಎಂದರೆ ಅಮೆರಿಕದ ಸೆಂಟ್ರಲ್ ಸಮಯವೂ ಹೌದು, ಚೀನಾದ ಸಮಯವೂ ಹೌದು. ಐಎಸ್‌ಟಿ ಎಂಬುದು ಭಾರತ, ಇಸ್ರೇಲ್, ಐರ್ಲೆಂಡ್ ಮೂವರದ್ದೂ. ನ್ಯೂಯಾರ್ಕಿನ ಚಳಿಗಾಲದ ಸಮಯ ಇಎಸ್‌ಟಿ; ಜುಲೈನಲ್ಲೂ ಹಾಗೆಂದೇ ಬರೆಯುವವರಿದ್ದಾರೆ. ಆಗ ಅಲ್ಲಿ ನಡೆಯುವುದು ಇಡಿಟಿ, ಅಂದರೆ ಒಂದು ಗಂಟೆ ಮುಂದಿರುವ ಬೇಸಿಗೆ ಸಮಯ. ಅವರ ಮಾತನ್ನು ಅಕ್ಷರಶಃ ನಂಬಿದರೆ ಒಂದು ಗಂಟೆ ತಡವಾಗಿ ಸೇರುತ್ತೀರಿ.

ಕ್ಯಾಲೆಂಡರಿನಲ್ಲಿ 'ಅಮೆರಿಕ/ನ್ಯೂಯಾರ್ಕ್', 'ಏಷ್ಯಾ/ಕೋಲ್ಕತಾ' ಎಂಬಂಥ ಊರಿನ ಹೆಸರನ್ನೇ ಆರಿಸಿ. ಅದರ ಹಿಂದೆ ಆ ಊರಿನ ಹಳೆಯ, ಹೊಸ ನಿಯಮಗಳೆಲ್ಲ ಇರುತ್ತವೆ. 'ಯುಟಿಸಿ −5' ಎಂದು ಆರಿಸಿದರೆ ಬೇಸಿಗೆ ಬಂದರೂ ಅದು −5 ಆಗಿಯೇ ಕೂತಿರುತ್ತದೆ. ಪಟ್ಟಿಯಲ್ಲಿ 'ಇಟಿಸಿ/ಜಿಎಂಟಿ+5' ಕಂಡರೆ ದೂರವಿರಿ: ಅಲ್ಲಿ ಚಿಹ್ನೆ ಉಲ್ಟಾ, ಅದರರ್ಥ ಯುಟಿಸಿ −5.

ಎಲ್ಲರಿಗೂ ಹೊಂದುವ ಹೊತ್ತು

ಪ್ರತಿಯೊಬ್ಬರ ಕೆಲಸದ ವೇಳೆಯನ್ನು ಯುಟಿಸಿಗೆ ಇಳಿಸಿ ಒಂದರ ಕೆಳಗೊಂದು ಬರೆಯಿರಿ. ಜುಲೈನಲ್ಲಿ 9ರಿಂದ 18ರ ಕೆಲಸದ ದಿನ ಹೀಗಾಗುತ್ತದೆ:

ಸ್ಯಾನ್ ಫ್ರಾನ್ಸಿಸ್ಕೋ: 16:00–01:00
ಲಂಡನ್: 08:00–17:00
ಸಿಡ್ನಿ: 23:00–08:00

ಮೊದಲೆರಡಕ್ಕೆ ಒಂದೇ ಗಂಟೆ ಕೂಡಿ ಬರುತ್ತದೆ, 16ರಿಂದ 17. ಸ್ಯಾನ್ ಫ್ರಾನ್ಸಿಸ್ಕೋ, ಸಿಡ್ನಿಗೆ ಎರಡು ಗಂಟೆ, ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಶುಕ್ರವಾರ ಮಧ್ಯಾಹ್ನ ಸಿಡ್ನಿಯ ಶನಿವಾರ ಬೆಳಗ್ಗೆ. ಆ ದಿನ ಬಿಡಿ. ಮೂವರಿಗೂ ಒಟ್ಟಿಗೆ ಒಂದು ನಿಮಿಷವೂ ಇಲ್ಲ. ಯುಟಿಸಿ 21:00ಕ್ಕೆ ಇಟ್ಟರೆ ಸ್ಯಾನ್ ಫ್ರಾನ್ಸಿಸ್ಕೋಗೆ 14:00, ಲಂಡನ್ನಿಗೆ 22:00, ಸಿಡ್ನಿಗೆ ಮರುದಿನ 07:00. ನಿದ್ದೆ ಯಾರದ್ದೂ ಕೆಡುವುದಿಲ್ಲ, ಆದರೆ ರಾತ್ರಿ ಹತ್ತರ ಕಷ್ಟ ಪ್ರತಿ ಸಲ ಲಂಡನ್ನಿನವರದ್ದೇ ಆದರೆ ಅವರು ಬೇಗ ಬೇಸರಪಡುತ್ತಾರೆ. ಸರದಿ ಮಾಡಿ, ಇಲ್ಲವೇ ಇಬ್ಬಿಬ್ಬರ ಎರಡು ಚಿಕ್ಕ ಕಾಲ್ ಮಾಡಿ ಟಿಪ್ಪಣಿ ಹಂಚಿಕೊಳ್ಳಿ. ಮೂರು ಖಂಡಗಳ ಮಟ್ಟಿಗೆ ಎರಡನೆಯದೇ ವಾಸಿ.

ಪ್ರತಿ ವಾರದ ಕಾಲ್

ಇಲ್ಲಿ ಯಾರ ಗಡಿಯಾರಕ್ಕೆ ಕಟ್ಟಬೇಕೆಂದು ಮೊದಲೇ ತೀರ್ಮಾನಿಸಿ. ನ್ಯೂಯಾರ್ಕಿನ 09:00ಕ್ಕೆ ಕಟ್ಟಿದರೆ ಗಡಿಯಾರ ತಿರುಗಿಸದ ಕಠ್ಮಂಡುವಿನಲ್ಲಿ ಚಳಿಗಾಲಕ್ಕೆ 19:45, ಬೇಸಿಗೆಗೆ 18:45. ಯುಟಿಸಿಗೆ ಕಟ್ಟಿದರೆ ಕಠ್ಮಂಡುವಿನವರು ನಿಶ್ಚಿಂತೆ, ನ್ಯೂಯಾರ್ಕಿನವರು ಸರಿಯಬೇಕು. ಹೆಚ್ಚು ಜನ ಇರುವ ಊರಿಗೆ ಕಟ್ಟುವುದು ಸರಳ.

ಆಹ್ವಾನದ ಮೊದಲ ಸಾಲು ಹೀಗಿರಲಿ: 'ಮಂಗಳವಾರ, 10 ಮಾರ್ಚ್ 2026, 14:00 ಯುಟಿಸಿ. ನ್ಯೂಯಾರ್ಕ್ 10:00, ಲಂಡನ್ 14:00, ಕಠ್ಮಂಡು 19:45.' ಒಂದು ಊರಿನ ಲೆಕ್ಕ ತಪ್ಪಿದ್ದರೆ ಆ ಊರಿನವರೇ ಹಿಡಿದು ಹೇಳುತ್ತಾರೆ. ಬರಿಯ ಸಂದೇಶ ಸಾಲದು, ಕ್ಯಾಲೆಂಡರ್ ಆಹ್ವಾನವನ್ನೇ ಕಳಿಸಿ. ನೋಡುವವರ ಸಾಧನದಲ್ಲಿ ಅದು ಅವರ ಸಮಯಕ್ಕೆ ತಾನೇ ಬದಲಾಗುತ್ತದೆ. ಪ್ರಯಾಣದಲ್ಲಿರುವವರು ಲ್ಯಾಪ್‌ಟಾಪಿನ ಟೈಮ್ ಝೋನ್ ಒಮ್ಮೆ ನೋಡಿಕೊಳ್ಳಲಿ. ಫೋನ್ ಹೊಸ ಊರಿನ ಸಮಯಕ್ಕೆ ಬದಲಾಗಿ ಲ್ಯಾಪ್‌ಟಾಪ್ ಹಳೆಯ ಊರಲ್ಲೇ ಉಳಿದಿದ್ದರೆ, ಒಂದೇ ಕಾಲ್ ಎರಡು ಪರದೆಯ ಮೇಲೆ ಎರಡು ಬೇರೆ ಬೇರೆ ಸಮಯಕ್ಕೆ ಕಾಣುತ್ತದೆ.