ನೀರನ್ನು ಕೆಣಕದೆ ಇಮಿನೊ ಹಿಡಿಯುವುದು: ನನ್ನ ಅನುಭವ

ಆರ್‌ಎನ್‌ಎ ಮಾದರಿ ತಯಾರಾಗುವುದು ದಾವಣಗೆರೆಯಲ್ಲಿ, ಅಳತೆ ಬೆಂಗಳೂರಿನ 600 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರದಲ್ಲಿ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ಪ್ರೋಟಾನುಗಳ ಸಂಕೇತ ಓದುವ ಯಂತ್ರ). ಹುಡುಕುವುದು ಇಮಿನೊ ಪ್ರೋಟಾನು, ಅಂದರೆ ಆರ್‌ಎನ್‌ಎಯ ಬೇಸ್ ಜೋಡಿಗಳನ್ನು ಬೆಸೆಯುವ ಎನ್‌ಎಚ್ ಹೈಡ್ರೋಜನ್. ಏಪ್ರಿಲ್ ಬಿಸಿಲಲ್ಲಿ ದ್ರಾವಣ ಹೊತ್ತೊಯ್ಯುವ ಗೊಡವೆ ಬೇಡ. ಉಪ್ಪು ತೆಗೆದು ಫ್ರೀಜ್-ಡ್ರೈ ಮಾಡಿದ ಪುಡಿ ಒಯ್ದು, ಬಫರನ್ನು ಅಲ್ಲೇ ಹಾಕುತ್ತೇನೆ. ಸೋಡಿಯಂ ಫಾಸ್ಫೇಟ್ ಸಮೇತ ಹೆಪ್ಪುಗಟ್ಟಿಸಿದರೆ ಪಿಎಚ್ ಜಾರುತ್ತದೆ.

ಯುಯುಸಿಜಿ ಎಂಬ ನಾಲ್ಕು ಬೇಸ್ ಕುಣಿಕೆಯ 14 ನ್ಯೂಕ್ಲಿಯೊಟೈಡ್ ಹೇರ್‌ಪಿನ್‌ಗೆ (ತನ್ನ ಮೇಲೇ ಮಡಚಿಕೊಂಡ ಎಳೆಗೆ) 0.4 ಮಿಲಿಗ್ರಾಂ ಸಾಕು. ಕಡಿಮೆ ದ್ರಾವಣ ಸಾಕಾಗುವ ಶಿಗೆಮಿ ಟ್ಯೂಬಿನ 300 ಮೈಕ್ರೊಲೀಟರಿನಲ್ಲಿ ಅದು ಸುಮಾರು 0.3 ಮಿಲಿಮೋಲಾರ್. ಫಾಸ್ಫೇಟ್ 10 ಮಿಲಿಮೋಲಾರ್, ಪಿಎಚ್ 6.2, ಡ್ಯುಟೀರಿಯಂ ನೀರು ಶೇ. 10. ಎಪೆಂಡಾರ್ಫ್ ಪ್ಲಾಸ್ಟಿಕ್ ಕೊಳವೆಯಲ್ಲೇ 95 ಡಿಗ್ರಿಗೆ 3 ನಿಮಿಷ ಕಾಯಿಸಿ ತಕ್ಷಣ ಐಸಿಗಿಡಬೇಕು. 50 ಮಿಲಿಮೋಲಾರ್ ಉಪ್ಪು ಆಮೇಲೆ. ಉಪ್ಪಿದ್ದಾಗ ನಿಧಾನವಾಗಿ ತಣಿಸಿದರೆ ಎರಡು ಎಳೆ ಹೆಣೆದುಕೊಂಡು ಡ್ಯೂಪ್ಲೆಕ್ಸ್ ಆಗುವ ಅಪಾಯವಿದೆ; ಆಗ 10ರಿಂದ 11.5 ಪಿಪಿಎಂ (ಎನ್‌ಎಂಆರ್ ಪೀಕ್‌ನ ಸ್ಥಾನ ಹೇಳುವ ಮಾನ) ನಡುವೆ ಯು-ಯು ಪೀಕ್‌ಗಳು ಇಣುಕುತ್ತವೆ.

ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ, 0.1 ಮಿಲಿಮೋಲಾರ್, ಮರೆಯಬಾರದು. ಪಕ್ಕದ ಚಿತ್ರದುರ್ಗ ಮ್ಯಾಂಗನೀಸ್ ಅದಿರಿನ ನೆಲ. ಗಾಜನ್ನು ಬೋರ್‌ವೆಲ್ ನೀರಲ್ಲಿ ಕೊನೆಯ ಸಲ ತೊಳೆಯುವ ಅಭ್ಯಾಸ ಇಲ್ಲಿ ನಡೆಯದು. ಚಿಟಿಕೆ ಮ್ಯಾಂಗನೀಸ್ ಅಯಾನು ಆರ್‌ಎನ್‌ಎ ಬೆನ್ನೆಲುಬಿನ ಫಾಸ್ಫೇಟಿಗೆ ಅಂಟಿದರೂ ಪೀಕ್‌ಗಳು ಅಗಲವಾಗಿ ಕರಗಿಹೋಗುತ್ತವೆ.

ಇನ್ನು ಅಳತೆ. ನೀರಿನ ಪ್ರೋಟಾನು ಸುಮಾರು 110 ಮೋಲಾರ್, ನಮ್ಮ ಆರ್‌ಎನ್‌ಎ 0.3 ಮಿಲಿಮೋಲಾರ್; ನೀರಿನ ಸಂಕೇತವೇ ಎಲ್ಲವನ್ನೂ ಮುಚ್ಚುತ್ತದೆ. ಹಾಗೆಂದು ಪ್ರಿಸ್ಯಾಚುರೇಶನ್ (ನೀರಿನ ಸಂಕೇತವನ್ನು ಮೊದಲೇ ಅಳಿಸುವ ವಿಧಾನ) ಹಾಕಿದಿರೋ, ಕೆಟ್ಟಿತು: ಇಮಿನೊ ಪ್ರೋಟಾನುಗಳು ನೀರಿನೊಂದಿಗೆ ಅದಲುಬದಲಾಗುವುದರಿಂದ ನೀರಿನ ಜೊತೆ ಅವೂ ಸಾಯುತ್ತವೆ. ಯಂತ್ರದಲ್ಲಿ ಸಿದ್ಧವಾಗಿ ಬರುವ ಈ ಆಯ್ಕೆಯನ್ನು ಹೊಸಬರು ಮೊದಲು ಒತ್ತುವುದೇ ನನಗೆ ತಲೆನೋವು. ತಾಪಮಾನ 278 ಕೆಲ್ವಿನ್‌ಗೆ ಇಳಿಸಿ ನೀರನ್ನು ಮೊದಲಿದ್ದ ಸ್ಥಿತಿಗೇ ಮರಳಿಸುವ ಜಂಪ್-ರಿಟರ್ನ್ ಹಚ್ಚಿ: 90 ಡಿಗ್ರಿ ಪಲ್ಸ್, ಟೌ ಬಿಡುವು, ವಿರುದ್ಧ ಫೇಸಿನ 90. ಕೇರಿಯರ್ (ಪಲ್ಸಿನ ಆವರ್ತನ) ನೀರಿನ ಮೇಲೇ ಇರಲಿ. ಟೌ ಎಂದರೆ ಆಫ್‌ಸೆಟ್‌ನ (ನೀರಿನಿಂದ ಗುರಿಗಿರುವ ಆವರ್ತನದ ಅಂತರದ) ನಾಲ್ಕು ಪಟ್ಟಿನ ವಿಲೋಮ: 12.5 ಪಿಪಿಎಂಗೆ ಗುರಿಯಿಟ್ಟರೆ ಆಫ್‌ಸೆಟ್ ಸುಮಾರು 4520 ಹರ್ಟ್ಸ್, ಟೌ ಸುಮಾರು 55 ಮೈಕ್ರೊಸೆಕೆಂಡ್. ನೀರಿನ ಸಂಕೇತ ಉಳಿದರೆ ಎರಡನೇ ಪಲ್ಸನ್ನು 0.1 ಮೈಕ್ರೊಸೆಕೆಂಡ್ ಆಚೀಚೆ ಮಾಡಿ. ಅದು ತಗ್ಗಿದ ಮೇಲಷ್ಟೇ ರಿಸೀವರ್ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿ. ನೀರಿನ ಎರಡು ಬದಿಯ ಪೀಕ್‌ಗಳು ತಲೆಕೆಳಗಾಗಿ ಬಂದರೆ ಗಾಬರಿ ಬೇಡ, ಈ ವಿಧಾನವೇ ಹಾಗೆ.

ಇಮಿನೊ ಪೀಕ್‌ಗಳ ಜಾಗ ಹೀಗೆ: ಎ-ಯು ಜೋಡಿ 13.5 ಪಿಪಿಎಂ ಮೇಲೆ, ಜಿ-ಸಿ 12ರಿಂದ 13.5ರೊಳಗೆ, ಕುಣಿಕೆಯ ಜಿ 10ರ ಹತ್ತಿರ. ತುದಿಯ ಜೋಡಿ ಮಸುಕಾಗಿದ್ದರೆ ಅದು ಬಿಚ್ಚಿಕೊಳ್ಳುತ್ತಿದೆ ಅಷ್ಟೇ, ಮಾದರಿ ಕೆಟ್ಟಿಲ್ಲ.

ಇದು ಆರ್‌ಎನ್‌ಎಗೆ; ಪ್ರೋಟೀನಿಗಾದರೆ ನೀರನ್ನು ಕೆಣಕದ ಇನ್ನೊಂದು ವೇಗದ ವಿಧಾನ, ಸೋಫಾಸ್ಟ್-ಎಚ್‌ಎಂಕ್ಯೂಸಿ. ಎನ್-15 (ನೈಟ್ರೋಜನ್ ಐಸೊಟೋಪ್) ಸೇರಿಸಿದ ಮಾದರಿಗೆ 600 ಮೆಗಾಹರ್ಟ್ಸ್‌ನಲ್ಲಿ ಪಿಸಿ-9 ಎಂಬ ಆಯ್ದ ಭಾಗವನ್ನಷ್ಟೇ ಮುಟ್ಟುವ ಪಲ್ಸ್ 120 ಡಿಗ್ರಿ, 3 ಮಿಲಿಸೆಕೆಂಡ್, 8.2 ಪಿಪಿಎಂ ಸುತ್ತ. ಅಮೈಡ್‌ (ಪ್ರೋಟೀನ್ ಬೆನ್ನೆಲುಬಿನ ಎನ್‌ಎಚ್) ಪ್ರೋಟಾನುಗಳನ್ನಷ್ಟೇ ತಟ್ಟುವುದರಿಂದ ಉಳಿದ ಪ್ರೋಟಾನುಗಳು ಅವನ್ನು ಬೇಗ ಮೊದಲಿನ ಸ್ಥಿತಿಗೆ ಮರಳಿಸುತ್ತವೆ, 0.2 ಸೆಕೆಂಡ್ ಬಿಡುವೇ ಸಾಕಾಗುತ್ತದೆ. ಆದರೆ ಡಿಕಪ್ಲಿಂಗ್ (ನೈಟ್ರೋಜನ್‌ನಿಂದ ಪೀಕ್ ಸೀಳದಂತೆ ತಡೆಯುವ ರೇಡಿಯೊ ಅಲೆ) ಎಡೆಬಿಡದೆ ಓಡಿದರೆ ಮಾದರಿ ಬಿಸಿಯಾಗುತ್ತದೆ, ಪೀಕ್‌ಗಳು ಸರಿಯುತ್ತವೆ: ಅಕ್ವಿಸಿಶನ್ (ಸಂಕೇತ ದಾಖಲಿಸುವ ಸಮಯ) 50 ಮಿಲಿಸೆಕೆಂಡಿನ ಆಸುಪಾಸಿರಲಿ, ಡಿಕಪ್ಲಿಂಗ್ ಶಕ್ತಿ ಕಡಿಮೆಯಿರಲಿ.