ಬಾಕಿ ಕೇಳುವ ಫೋನು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾರದ ರಜೆ ಗುರುವಾರ. ಲೇಥುಗಳೂ ಕಂಪ್ರೆಸರುಗಳೂ ನಿಂತು ಓಣಿಗೆ ಓಣಿಯೇ ಸುಮ್ಮನಾಗಿರುವ ಆ ದಿನ ನಾನು ಶೆಡ್ಡಿನ ಶಟರನ್ನು ಅರ್ಧ ಎತ್ತಿ ಲೆಕ್ಕ ಬರೆಯಲು ಕೂರುತ್ತೇನೆ. 2022ರ ಸೆಪ್ಟೆಂಬರ್ ತಿಂಗಳ ಕೊನೆಯ ಗುರುವಾರ ಹಾಗೆ ಕೂತಾಗ ನನ್ನ ಖಾತೆಯಲ್ಲಿ ಉಳಿದಿದ್ದದ್ದು 6,200 ರೂಪಾಯಿ. ಚಾಕಣದ ಕಡೆಯ ಒಂದು ಕಾರ್ಖಾನೆಯಿಂದ ನನಗೆ ಬರಬೇಕಾಗಿದ್ದದ್ದು 3,12,000 ರೂಪಾಯಿ. ಯಂತ್ರದ ಸಾಲದ ಕಂತು 17,400 ರೂಪಾಯಿಯನ್ನು ಐದನೇ ತಾರೀಖಿಗೆ ಕಟ್ಟಬೇಕಿತ್ತು. ಆ ಕಾರ್ಖಾನೆಯ ಪರ್ಚೇಸ್ ಅಧಿಕಾರಿಯ ನಂಬರನ್ನು ತೆರೆದಿಟ್ಟುಕೊಂಡು ಅರ್ಧ ಗಂಟೆ ಕೂತವನು ಕೊನೆಗೆ ಫೋನು ಮಾಡಿದ್ದು ಅವರಿಗಲ್ಲ, ಕಾತ್ರಜ್‌ನಲ್ಲಿರುವ ನನ್ನ ಅಕ್ಕನಿಗೆ. 40,000 ರೂಪಾಯಿ ಕೈಗಡ ಬೇಕೆಂದೆ. ಅಕ್ಕ ಇಲ್ಲವೆನ್ನಲಿಲ್ಲ. ಆದರೆ, “ನಿನ್ನ ರೊಕ್ಕಾ ಅವ್ರ ಕಡೆ ಐತಲ್ಲ, ಅವ್ರನ್ನ ಕೇಳಿಯೇನು?” ಎಂದಳು. ಕೇಳಿರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ.

ನಾನು ಬೈಲಹೊಂಗಲ ತಾಲೂಕಿನ ಹಳ್ಳಿಯವನು. ಕನ್ನಡ ಮಾಧ್ಯಮದಲ್ಲಿ ಓದಿ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 2014ರಲ್ಲಿ ಪುಣೆಗೆ ಬಂದೆ. ಐದು ವರ್ಷ ಭೋಸರಿಯಲ್ಲೇ ಬೇರೆಯವರ ಶೆಡ್ಡಿನಲ್ಲಿ ಆಪರೇಟರ್ ಆಗಿ ದುಡಿದು, 2019ರ ಆಗಸ್ಟ್‌ನಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ ಲೇಥ್, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕಡೆಯುವ ಯಂತ್ರ, ಕೊಂಡೆ. ಬೆಲೆ ಒಂಬತ್ತೂವರೆ ಲಕ್ಷ. ಅದರಲ್ಲಿ ಎಂಟು ಲಕ್ಷ ಮುದ್ರಾ ಯೋಜನೆಯ ತರುಣ್ ವಿಭಾಗದ ಸಾಲ. ಆಗ ಆ ವಿಭಾಗದಲ್ಲಿ ಹತ್ತು ಲಕ್ಷದವರೆಗೆ ಅಡವಿಲ್ಲದೆ ಸಾಲ ಸಿಗುತ್ತಿತ್ತು. ಸ್ವಂತ ಉದ್ಯೋಗಕ್ಕೆ ಇಳಿಯುವವನಿಗೆ ಸಾಲದ ಭಯ, ನಷ್ಟದ ಭಯ ಇರುತ್ತದೆಂದು ಎಲ್ಲರೂ ಹೇಳಿದ್ದರು, ನನಗೂ ಇತ್ತು. ಏಳು ತಿಂಗಳಿಗೆ ಲಾಕ್‌ಡೌನ್ ಬಂದಾಗ ಆ ಭಯ ನಿಜವೇ ಆಯಿತು. ಆದರೆ ಅಂದು ಓಣಿಯ ಶೆಡ್ಡುಗಳೆಲ್ಲ ಮುಚ್ಚಿದ್ದವು, ರಿಸರ್ವ್ ಬ್ಯಾಂಕ್ ಕಂತುಗಳನ್ನು ಆರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತ್ತು, ಊರಿಗೆ ಹೋಗಿ ಹೊಲದ ಕೆಲಸ ಮಾಡಿ ಮರಳಿ ಬಂದೆ. ಎಲ್ಲರಿಗೂ ಒಟ್ಟಿಗೆ ಬಂದ ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ನನ್ನಲ್ಲಿತ್ತು. ಇಲ್ಲದಿದ್ದದ್ದು ಎದುರಿನವರಿಗೆ ಅಹಿತವಾದ ಒಂದು ಮಾತನ್ನು ಹೇಳುವ ಶಕ್ತಿ.

ಅದರಿಂದಾದ ಮೊದಲ ದೊಡ್ಡ ಪೆಟ್ಟು 2022ರ ಮೇ ತಿಂಗಳಿನದು. ಗಿಡ್ಡ ಕೊಳವೆಯಂಥ 400 ಉಕ್ಕಿನ ಬುಷ್‌ಗಳ ಆರ್ಡರ್, ಹೊರವ್ಯಾಸ 32 ಮಿಲಿಮೀಟರ್. ಒಂದು ಕೂದಲೆಳೆಯಷ್ಟೂ ದಪ್ಪವಾಗಬಾರದು, ತೆಳುವಾದರೂ 25 ಮೈಕ್ರಾನ್ ಮೀರಬಾರದು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಮರುದಿನ ಬೆಳಿಗ್ಗೆ ಎಂಟಕ್ಕೆ ಮಾಲು ತಲುಪಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಸಂಜೆ ಆರರ ಹೊತ್ತಿಗೆ, ಕಡೆಯುವಾಗ ತುಂಡನ್ನು ತಂಪಾಗಿಡುವ ಕೂಲಂಟ್ ದ್ರವದ ಪಂಪ್ ಕೈಕೊಟ್ಟಿತು. ಆಗಲೇ ಫೋನು ಮಾಡಿ, ಪಂಪ್ ಕೆಟ್ಟಿದೆ, ಅರ್ಧ ದಿನ ತಡವಾಗುತ್ತದೆ ಎಂದು ಹೇಳಬೇಕಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಯಂತ್ರದ ವೇಗ ಇಳಿಸಿ ಕೂಲಂಟ್ ಇಲ್ಲದೆಯೇ ರಾತ್ರಿಯೆಲ್ಲ ಓಡಿಸಿದೆ. ಬುಷ್‌ಗಳು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ಹೊರಬರುತ್ತಿದ್ದವು. ಬಟ್ಟೆಯಲ್ಲಿ ಹಿಡಿದು ಮೈಕ್ರೋಮೀಟರ್ ಹಾಕಿದರೆ 31.985 ತೋರಿಸುತ್ತಿತ್ತು, ಮಿತಿಯ ಹೆಚ್ಚುಕಡಿಮೆ ನಡುವೆ. ಆದರೆ ಉಕ್ಕು ಬಿಸಿಗೆ ಹಿಗ್ಗುತ್ತದೆ. 32 ಮಿಲಿಮೀಟರಿನ ಒಂದು ತುಂಡು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 15 ಮೈಕ್ರಾನ್ ಉಬ್ಬಿರುತ್ತದೆ, ಆರಿದ ಮೇಲೆ ಅಷ್ಟೂ ಇಳಿಯುತ್ತದೆ. ಮರುದಿನ ಗಿರಾಕಿಯ ತಪಾಸಣಾ ಕೋಣೆಯಲ್ಲಿ ಅವೇ ಬುಷ್‌ಗಳು 31.970 ತೋರಿಸಿದವು. 310 ಬುಷ್‌ಗಳು ರಿಜೆಕ್ಟ್ ಆಗಿ, ಅವರ ಮೆಟೀರಿಯಲ್ ಹಣವೂ ಸೇರಿ ಸುಮಾರು 41,000 ರೂಪಾಯಿಯ ಡೆಬಿಟ್ ನೋಟ್, ಅಂದರೆ ಅಷ್ಟನ್ನು ನನ್ನ ಲೆಕ್ಕದಲ್ಲಿ ಮುರಿದುಕೊಳ್ಳುವ ಚೀಟಿ, ಬಂತು. ಅಳತೆಯ ಈ ಪಾಠ ನನಗೆ ಡಿಪ್ಲೊಮಾದ ಮೊದಲ ವರ್ಷದಿಂದ ಗೊತ್ತಿತ್ತು. ಆ ರಾತ್ರಿ ಗೊತ್ತಿದ್ದದ್ದು ತಲೆಗೆ ಬರಲಿಲ್ಲ, ಏಕೆಂದರೆ ತಲೆಯ ತುಂಬ ಬೆಳಗಿನ ಎಂಟು ಗಂಟೆಯೇ ಇತ್ತು. ತಪಾಸಣೆಯವರು, ನಿನ್ನೆ ಸಂಜೆಯೇ ಹೇಳಿದ್ದರೆ ಎರಡು ದಿನ ಕೊಡುತ್ತಿದ್ದೆವು, ಈ ಮಾಲು ನಮಗೆ ಬೇಕಾಗಿದ್ದದ್ದೇ ಸೋಮವಾರಕ್ಕೆ ಎಂದರು. ಆ ಮಾತು ಡೆಬಿಟ್ ನೋಟಿಗಿಂತ ಹೆಚ್ಚು ನೋಯಿಸಿತು.

ಈ ಅಂಜಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಎರಡು ವರ್ಷ ಸತತವಾಗಿ ಬೆಳೆ ಕೈಗೆ ಹತ್ತಲಿಲ್ಲ. ಬೀಜ ಗೊಬ್ಬರದ ಅಂಗಡಿಯವನು ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದ. ಬೈಯುತ್ತಿರಲಿಲ್ಲ, ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅಪ್ಪ ಹಿತ್ತಲಿನ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಅಪ್ಪ ಮನೆಯಲ್ಲಿಲ್ಲ ಎಂದು ಹೇಳಬೇಕಾಗುತ್ತಿದ್ದದ್ದು ನಾನು. ಬಾಕಿ ಕೇಳುವುದೆಂದರೆ ಒಬ್ಬನ ಮಾನ ತೆಗೆಯುವುದು ಎಂಬ ಭಾವನೆ ಅಂದೇ ನನ್ನೊಳಗೆ ಕೂತಿತು. ಮುಂದೆ ನನ್ನದೇ ದುಡಿಮೆಯ ಹಣ ಕೇಳಲು ಹೊರಟಾಗಲೆಲ್ಲ ನಾನು ಆ ಕಟ್ಟೆಯ ಮೇಲೆ ಕೂತವನಾಗಿಬಿಡುತ್ತಿದ್ದೆ. ನೂರಾರು ಜನ ಕೆಲಸ ಮಾಡುವ ಒಂದು ಕಾರ್ಖಾನೆ ಮಳೆ ಕೈಕೊಟ್ಟ ರೈತನಂತಲ್ಲ ಎಂಬುದು ಬುದ್ಧಿಗೆ ಗೊತ್ತಿತ್ತು, ಗಂಟಲಿಗೆ ಗೊತ್ತಿರಲಿಲ್ಲ.

ನನ್ನ ಪಕ್ಕದ ಶೆಡ್ಡಿನವರು ಗದಗದ ಕಡೆಯವರು, ಮೂವತ್ತು ವರ್ಷದಿಂದ ಗ್ರೈಂಡಿಂಗ್ ಕೆಲಸ ಮಾಡುತ್ತಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅಕ್ಕನಿಂದ ಹಣ ತಂದ ವಾರ ಅವರೆದುರು ಎಲ್ಲವನ್ನೂ ಹೇಳಿಕೊಂಡೆ. “ತಮ್ಮಾ, ನೀ ಭಿಕ್ಷಾ ಬೇಡಾಕತ್ತಿಲ್ಲ. ಅಂಜಿಕಿ ಬಂದ್ರ ಬರಲಿ, ಏನಂತ ಅಂಜಿಕಿ ಬರತೈತಿ ಅದನ್ನ ಬರದಿಡು” ಎಂದರು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮಾತನ್ನೂ ಅವರೇ ತೆಗೆದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಕಬ್ಬಿಣದ ನೇಗಿಲು ಮಾಡಿದ ಅವರಿಗೆ ಮೊದಲ ನೇಗಿಲನ್ನು ಮಾರಲು ಎರಡು ವರ್ಷ ಹಿಡಿಯಿತಂತೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ನೇಗಿಲು ಎರಕ ಹೊಯ್ಯುವುದಕ್ಕಿಂತ ಆ ಎರಡು ವರ್ಷ ಬೇಡ ಎನ್ನುವವರ ಮುಂದೆ ಹೋಗಿ ನಿಲ್ಲುವುದು ಕಷ್ಟವಾಗಿತ್ತೆಂದು ನನಗೆ ಅನ್ನಿಸುತ್ತದೆ.

ನಾನು ಮಾಡಿದ್ದು ಇಷ್ಟೇ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಪ್ರತಿ ಫೋನಿಗೆ ಮೊದಲು ಎಡಪುಟದಲ್ಲಿ, ಈ ಫೋನು ಮಾಡಿದರೆ ಏನಾಗುತ್ತದೆಂದು ನನ್ನ ಮನಸ್ಸು ಹೆದರಿಸುತ್ತಿದೆಯೋ ಅದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೆ. ಅದರ ಕೆಳಗೆ ನಾನು ಆಡಬೇಕಾದ ಮೊದಲ ವಾಕ್ಯವನ್ನು ಮರಾಠಿಯಲ್ಲೇ, ಕನ್ನಡ ಲಿಪಿಯಲ್ಲಿ, ಬಿಲ್ ನಂಬರು, ತಾರೀಖು, ಮೊತ್ತದ ಸಮೇತ ಬರೆದುಕೊಳ್ಳುತ್ತಿದ್ದೆ. ಮುಂದಿನ ಗುರುವಾರ ಬಲಪುಟದಲ್ಲಿ ನಿಜವಾಗಿ ಏನಾಯಿತೆಂದು ಬರೆಯುತ್ತಿದ್ದೆ. ಮೊದಲ ಎಡಪುಟ ಇವತ್ತೂ ನನ್ನ ಬಳಿ ಇದೆ: “ಸಾಹೇಬರು ಸಿಟ್ಟಾಗುತ್ತಾರೆ. ಇಷ್ಟು ಸಣ್ಣ ಮೊತ್ತಕ್ಕೆ ಫೋನು ಮಾಡುತ್ತೀಯಾ ಎನ್ನುತ್ತಾರೆ. ಆರ್ಡರ್ ನಿಲ್ಲಿಸುತ್ತಾರೆ. ಯಂತ್ರ ಮಾರಬೇಕಾಗುತ್ತದೆ.” ಬರೆದು ಓದಿದಾಗ, ಸಿಟ್ಟಿನಿಂದ ಯಂತ್ರ ಮಾರುವವರೆಗೆ ನಾಲ್ಕೇ ವಾಕ್ಯಗಳಲ್ಲಿ ಹೋಗಿಬಿಟ್ಟಿದ್ದೇನೆಂದು ಕಂಡಿತು.

ಫೋನು ಮಾಡಿದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಂಪ್ರೆಸರ್ ನಿಲ್ಲಿಸಿ, ಬಾಗಿಲಲ್ಲಿ ನಿಂತುಕೊಂಡು. ಕೂತರೆ ಧ್ವನಿ ಕುಗ್ಗುತ್ತಿತ್ತು, ಹಾಗಾಗಿ ನಿಲ್ಲುತ್ತಿದ್ದೆ. ಬರೆದುಕೊಂಡ ವಾಕ್ಯವನ್ನು ಓದಿದೆ. ಅವರು ಸಿಟ್ಟಾಗಲಿಲ್ಲ. ಕಂಪ್ಯೂಟರ್ ನೋಡಿ, ನಿಮ್ಮ ಎರಡು ಬಿಲ್‌ಗಳು ಅಕೌಂಟ್ಸ್ ವಿಭಾಗಕ್ಕೆ ಹೋಗಿಯೇ ಇಲ್ಲ, ಮಾಲು ತಲುಪಿದ್ದಕ್ಕೆ ಸಹಿಯಾದ ಚಲನ್ ಪ್ರತಿ ಲಗತ್ತಾಗದೆ ಮಾಲು ಸ್ವೀಕೃತಿಯ ನಮೂದಾಗಿಲ್ಲ ಎಂದರು. ಅದೇ ದಿನ ಬೈಕಿನಲ್ಲಿ ಹೋಗಿ ಪ್ರತಿ ಕೊಟ್ಟು ಬಂದೆ. ಒಂಬತ್ತು ದಿನಕ್ಕೆ 1,90,000 ರೂಪಾಯಿ ಜಮೆಯಾಯಿತು. ಒಂದು ಕಾಗದ ಕಾಣೆಯಾಗಿದ್ದಕ್ಕೆ ನಾಲ್ಕು ತಿಂಗಳು ನಾನು ನಿದ್ದೆಗೆಟ್ಟಿದ್ದೆ. ಆ ನಾಲ್ಕು ತಿಂಗಳೂ, ಹಣ ಕೈಗೆ ಬಾರದಿದ್ದರೂ, ಬಿಲ್ ಮಾಡಿದ ಮರುತಿಂಗಳು ಇಪ್ಪತ್ತರೊಳಗೆ ಜಿಎಸ್‌ಟಿಯನ್ನು ಮಾತ್ರ ನಾನೇ ಕಟ್ಟುತ್ತಿದ್ದೆ.

ಉಳಿದ ಮೊತ್ತಕ್ಕೆ ಕಾನೂನಿನ ಆಸರೆ ಬೇಕಾಯಿತು. ಕಾನೂನು ಓದಿದ್ದು ನನ್ನ ಧ್ವನಿಗೆ ಬಹಳ ಬಲ ಕೊಟ್ಟಿದ್ದರಿಂದ, ಹೊಸದಾಗಿ ಶೆಡ್ ಹಾಕುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿರುವ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸಮಾಧಾನ್ ಎಂಬ ಸರ್ಕಾರಿ ಪೋರ್ಟಲ್ 2017ರಲ್ಲಿ ಶುರುವಾಗಿತ್ತು. ಇದಕ್ಕೆ ಬೇಕಾದದ್ದು ಉದ್ಯಮ್ ಎಂಬ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿನವರು ಕೇಳಿದರೆಂದು 2020ರಲ್ಲೇ ಮಾಡಿಸಿದ್ದರೂ ಆ ನಂಬರನ್ನು ಒಂದು ಬಿಲ್ಲಿನ ಮೇಲೂ ಹಾಕಿರಲಿಲ್ಲ. ಹಾಕಿದೆ, ವಿನಯದಿಂದ ಒಂದು ಪತ್ರ ಬರೆದೆ, ದೂರು ಕೊಡುವ ಪ್ರಸಂಗ ಬರಲಿಲ್ಲ. ಈಗ ಪರಿಸ್ಥಿತಿ ಇನ್ನೂ ಹಗುರಾಗಿದೆ. ಆದಾಯ ತೆರಿಗೆಯ 43ಬಿ(ಎಚ್) ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಡುವವರೆಗೂ ಖರೀದಿದಾರರು ಖರ್ಚಿನಲ್ಲಿ ತೋರಿಸುವಂತಿಲ್ಲವಾದ್ದರಿಂದ, ಮಾರ್ಚ್ ಬಂತೆಂದರೆ ಅಕೌಂಟ್ಸ್‌ನವರೇ ಉದ್ಯಮ್ ಪ್ರಮಾಣಪತ್ರ ಕಳಿಸಿ ಎಂದು ಕೇಳುತ್ತಾರೆ.

ಎಲ್ಲ ಭಯವೂ ಸುಳ್ಳಾಗಿತ್ತೆಂದು ಹೇಳಿದರೆ ಅದು ನಿಜವಲ್ಲ. ಮೊದಲ ಆರು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ದಾಖಲಾದ ಫೋನುಗಳು 31. ಅವುಗಳಲ್ಲಿ ಮೂವರು ಒರಟಾಗಿ ಮಾತಾಡಿದರು, ಒಬ್ಬರು ಆರ್ಡರ್ ನಿಲ್ಲಿಸಿಯೇ ಬಿಟ್ಟರು. ಅವರಿಂದ ತಿಂಗಳಿಗೆ 25,000 ರೂಪಾಯಿಯ ಕೆಲಸ ಬರುತ್ತಿತ್ತು, ಎರಡು ತಿಂಗಳು ಯಂತ್ರ ಮಧ್ಯಾಹ್ನದ ಮೇಲೆ ಖಾಲಿ ನಿಂತಿತು. ಆ ದಿನಗಳಲ್ಲಿ ಕಾಕಾನ ಮೇಲೆ ಸಿಟ್ಟು ಬಂದಿತ್ತು. ಆದರೂ ಬಲಪುಟದಲ್ಲಿ “ಆರ್ಡರ್ ನಿಂತಿತು” ಎಂದು ಬರೆದ ಮೇಲೆ ಮುಂದಿನ ವಾಕ್ಯವಾದ “ಯಂತ್ರ ಮಾರಬೇಕಾಯಿತು” ಎಂಬುದನ್ನು ಬರೆಯುವ ಪ್ರಸಂಗ ಬರಲಿಲ್ಲ. ಖಾಲಿ ಮಧ್ಯಾಹ್ನಗಳಲ್ಲಿ ನಾನು ತಳವಡೆಯ ಕಡೆ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಕೆಲಸ ಕೇಳಿದೆ. ಬಾಕಿ ಕೇಳಿ ಪಳಗಿದ ಬಾಯಿಗೆ ಕೆಲಸ ಕೇಳುವುದು ಅಷ್ಟು ಭಾರವೆನಿಸಲಿಲ್ಲ, ಮೂರು ಹೊಸ ಗಿರಾಕಿಗಳು ಸಿಕ್ಕರು.

ಈಗ ನನ್ನಲ್ಲಿ ಎರಡು ಯಂತ್ರಗಳಿವೆ, ಇಬ್ಬರು ಹುಡುಗರಿದ್ದಾರೆ. ತಪ್ಪಾದರೆ ಮೊದಲು ಹೇಳಿದವನ ಪಗಾರದಲ್ಲಿ ಒಂದು ರೂಪಾಯಿಯನ್ನೂ ಮುರಿಯುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟಿದ್ದೇನೆ. ಮೈಕ್ರೋಮೀಟರಿನ ಪಕ್ಕದಲ್ಲಿ ಒಂದು ತಟ್ಟೆ ಇಟ್ಟಿದ್ದೇವೆ. ಯಂತ್ರದಿಂದ ತೆಗೆದ ತುಂಡು ಅಲ್ಲಿ ಆರುವವರೆಗೆ ಅಳೆಯುವಂತಿಲ್ಲ. ಕಳೆದ ತಿಂಗಳು ಸಂಜೆ ಏಳಕ್ಕೆ ಸಣ್ಣ ಹುಡುಗ ಹನ್ನೊಂದು ತುಂಡುಗಳನ್ನು ಬೇರೆ ಮಾಡಿ ತಂದು ನನ್ನ ಮೇಜಿನ ಮೇಲಿಟ್ಟು, “ಅಣ್ಣಾ, ಇನ್ಸರ್ಟ್ ಸವದಿದ್ದು ನನಗ ತಡಾ ತಿಳೀತು, ಇವು ಹೋದ್ವು” ಎಂದ. ಇನ್ಸರ್ಟ್ ಎಂದರೆ ಲೋಹ ಕಡೆಯುವ ಸಣ್ಣ ಅಲಗು. ಅವನ ಕೈ ನಡುಗುತ್ತಿತ್ತು. ಕೂರಲು ಹೇಳಿ, ಚಹಾ ತರಿಸಿ, ಅವನ ಎದುರಿಗೇ ಗಿರಾಕಿಗೆ ಫೋನು ಮಾಡಿದೆ. ಹನ್ನೊಂದು ತುಂಡು ಕಡಿಮೆ ಬರುತ್ತವೆ, ಮೆಟೀರಿಯಲ್ ಹಣ ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳಿ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಉಳಿದವನ್ನು ನಾಳೆ ಕಳಿಸಿ ಎಂದರು. ಹುಡುಗ ಚಹಾ ಮುಗಿಸಿ ಹೊಸ ಇನ್ಸರ್ಟ್ ಹಾಕಲು ಎದ್ದ.